ಚಿಗರಿ ಪಾಲಿನ ತಪ್ಪಲ

ಹೋದ ವಾರ, ಬೆಳಗಿನ ಏಳರ ಸುಮಾರಿಗೆ, ನಾನು ಬೈಲಹೊಂಗಲದ ತರಕಾರಿ ಪೇಟೆಯಲ್ಲಿ ನಿಂತಿದ್ದೆ. ಟೆಂಪೋಗಳಿಂದ ಮಾಲು ಇಳಿಸುವ ಕಡೆ. ಎಡಕ್ಕೆ ಚಹಾದಂಗಡಿ, ಬಲಕ್ಕೆ ಮೂಲಂಗಿಯ ರಾಶಿ. ಮಾರುವ ಹೆಣ್ಣುಮಗಳು ಒಂದೊಂದೇ ಸೂಡು ಎತ್ತಿಕೊಂಡು, ಎಲೆಗಳನ್ನೆಲ್ಲ ತಿರುವಿ ಹರಿದು ಕಾಲಬುಡಕ್ಕೆ ಒಗೆಯುತ್ತಿದ್ದಳು. ಗಡ್ಡೆ ಮಾತ್ರ ಬುಟ್ಟಿಗೆ ಹೋಗುತ್ತಿತ್ತು. ಬಂದುಹೋಗುವವರ ಚಪ್ಪಲಿ ಆ ಎಲೆಗಳನ್ನು ತುಳಿಯುತ್ತಿತ್ತು. ಅಲ್ಲಿಂದೆದ್ದ ವಾಸನೆ... ಹಸಿ ಸಾಸಿವೆ ಅರೆದ ಹಾಗೆ ಮೂಗಿಗೆ ಹತ್ತುವ, ಒದ್ದೆ ಮಣ್ಣು ಬೆರೆತ ಆ ಘಾಟು... ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ.

"ತಪ್ಪಲ ಯಾಕ ಒಗೀತೀಯವಾ?" ಎಂದು ಕೇಳಿದೆ.

"ಈಗ ಯಾರ ತಿಂತಾರ್ರಿ ತಪ್ಪಲಾ? ಗಡ್ಡಿ ಅಷ್ಟ ಕೊಡು ಅಂತಾರ," ಎಂದಳು, ತಲೆ ಎತ್ತದೆ.

ಜಜ್ಜಿದ ಮೂಲಂಗಿ ಎಲೆಯ ಈ ವಾಸನೆ ಹೀಗೆ ನನ್ನನ್ನು ನಿಲ್ಲಿಸಿದ್ದು ಮೊದಲೂ ಒಮ್ಮೆ. ಅದಾಗಿ ಕೆಲವು ವರ್ಷಗಳಾದವು. ಸಂಕ್ರಾಂತಿ ಕಳೆದ ಮರುವಾರದ ಒಂದು ಬೆಳಿಗ್ಗೆ. ಬೆಳಕು ಬಂದಿತ್ತು, ಸೂರ್ಯ ಇನ್ನೂ ದೂರ ಮೂಡಲಿಗೆ ಕಾಣುವ ತೊರಗಲ್ಲಿನ ಕೋಟೆ ಗುಡ್ಡದ ಮೇಲೆ ಬಂದಿರಲಿಲ್ಲ. ನಾನು ನನ್ನ ಹೊಲಕ್ಕೂ ಕಾಕಾನ ಹೊಲಕ್ಕೂ ನಡುವಿನ ಬದುವಿನ ಮೇಲೆ, ಬನ್ನಿಗಿಡದ ಪಕ್ಕದಲ್ಲಿ, ಬಡಗಣಕ್ಕೆ ಮುಖಮಾಡಿ ನಿಂತಿದ್ದೆ. ಅಂದು ಕಂಡದ್ದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ಅದಕ್ಕೆ ಮೊದಲು ಕಾಕಾ ಯಾರೆಂಬುದನ್ನು ಹೇಳಬೇಕು.

ನನಗೆ ಅವರು ರಕ್ತಸಂಬಂಧದಿಂದ ಕಾಕಾ ಅಲ್ಲ. ಊರಿಗೆಲ್ಲ ಅವರು ಕಂಡಕ್ಟರ್ ಕಾಕಾ. ಸವದತ್ತಿ, ರಾಮದುರ್ಗ, ಬೈಲಹೊಂಗಲ ಎಂದು ಬಸ್ಸಿನಲ್ಲಿಯೇ ಅವರ ಆಯುಷ್ಯ ಕಳೆದಿತ್ತು. ಅದರಲ್ಲಿ ಬಹುಪಾಲು ವಸ್ತಿ ಬಸ್ಸು. ಸಂಜೆ ಕೊನೆಯ ಊರಿಗೆ ಹೋಗಿ ರಾತ್ರಿ ಅಲ್ಲಿಯೇ ತಂಗಿ, ಬೆಳಗಿನ ಜಾವ ಹಾಲಿನವರನ್ನೂ ಕಾಲೇಜಿನ ಹುಡುಗರನ್ನೂ ತುಂಬಿಕೊಂಡು ತಿರುಗುವ ಬಸ್ಸು. ಅವರ ಹೆಂಡತಿ ಕಾಕು ತೀರಿಹೋದ ರಾತ್ರಿಯೂ ಅವರು ವಸ್ತಿಯಲ್ಲಿದ್ದರು. ಮಕ್ಕಳಿರಲಿಲ್ಲ. ನಿವೃತ್ತರಾದ ಮೇಲೆ ಗುಡ್ಡದ ಬುಡದಲ್ಲಿದ್ದ ತಮ್ಮ ಹೊಲಕ್ಕೆ ಬಂದು ನಿಂತರು. ನಮ್ಮೂರು ಸವದತ್ತಿಗೂ ರಾಮದುರ್ಗಕ್ಕೂ ನಡುವೆ ಇರುವುದು. ಕರೀ ಎರೆ ಭೂಮಿ, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ. ನಾನು ಊರ ಹೈಸ್ಕೂಲಿನಲ್ಲಿ ಮಾಸ್ತರ. ನನ್ನ ತುಂಡು ಹೊಲ ಕಾಕಾನದಕ್ಕೆ ತೆಂಕಣಕ್ಕೆ. ಮೂಡಲಕ್ಕೆ ಸಾವ್ಕಾರರ ದೊಡ್ಡ ಕಡಲೆ ಹೊಲ. ಬಡಗಣಕ್ಕೆ ಗುಡ್ಡ.

ಗುಡ್ಡದಲ್ಲಿ ಚಿಗರಿಗಳಿದ್ದವು. ಜಿಂಕೆಗೆ ನಮ್ಮ ಕಡೆ ಅನ್ನುವುದು ಹಾಗೆ. ಹೆಣ್ಣು ಒಣಹುಲ್ಲಿನ ಬಣ್ಣ. ಗಂಡು ಬಲಿತಂತೆ ಬೆನ್ನು ಕಪ್ಪಾಗುತ್ತದೆ, ಕೊಂಬು ತಿರುಚಿಕೊಂಡು ಏರುತ್ತದೆ. ಬೆಳಗಿನ ಬಸ್ಸಿಗೆ ಅವು ಅಡ್ಡ ಹಾರಿ ಹೋಗುವುದನ್ನು ಕಾಕಾ ದಿನವೂ ನೋಡಿದವರು. "ನನ್ನ ಬಸ್ಸಿನ್ಯಾಗ ಟಿಕೀಟಿಲ್ದ ಹೋದವು ಅವಷ್ಟ," ಎನ್ನುತ್ತಿದ್ದರು. ಕಡಲೆ ಎರಡೆಲೆ ಒಡೆದರೆ ಸಾಕು, ಹಿಂಡು ಗುಡ್ಡದಿಂದ ಇಳಿದು ಮೊದಲು ಕಾಕಾನ ಹೊಲ ದಾಟಿ, ಅಲ್ಲಿಂದ ಸಾವ್ಕಾರರ ಹೊಲಕ್ಕೆ ನುಗ್ಗುತ್ತಿತ್ತು. ಬೆಳಿಗ್ಗೆ ನೋಡಿದರೆ ಸಾಲುಸಾಲೇ ಬೋಳು.

ಒಂದು ವರ್ಷ ಪಕ್ಕದೂರಿನ ಯಾರೋ ಹೊಲದ ಸುತ್ತ ಕರೆಂಟಿನ ತಂತಿ ಎಳೆದಿದ್ದರು. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಬರುವಾಗ ಕಾಕಾ ನೋಡಿದರು. ಗಬ್ಬದ ಹೆಣ್ಣು ಚಿಗರಿ ತಂತಿಗೆ ಬಿದ್ದು ಸತ್ತಿತ್ತು. ಬಾಯಲ್ಲಿ ಅರ್ಧ ಅಗಿದ ಕಡಲೆ ಕುಡಿ ಹಾಗೇ ಇತ್ತಂತೆ. ಇದನ್ನು ನನಗೆ ಹೇಳುವಾಗ ಅವರು ತಮ್ಮ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರು.

ಅದೇ ವಾರ ಊರ ಚಹಾದಂಗಡಿಯ ಮುಂದೆ ಸಾವ್ಕಾರರು, ತಾವೂ ಅಂಥದೇ ತಂತಿ ಎಳೆಯುತ್ತೇವೆ ಎಂದರು. ನಾನು ಅಲ್ಲಿದ್ದೆ. ಸಾವ್ಕಾರರು ಕೆಟ್ಟವರಲ್ಲ, ಬೆಳೆ ಹೋದವರು ಆಡುವ ಮಾತನ್ನೇ ಆಡಿದರು. ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ, "ತಂತಿ ಒಂದ ಎಳೀಬ್ಯಾಡ್ರಿ. ಅವು ನನ್ನ ಹೊಲಾ ದಾಟಿನ ನಿಮ್ಮ ಹೊಲಕ್ಕ ಬರೂದು. ಅಲ್ಲೇ ಹೊಟ್ಟಿ ತುಂಬಸಿ ಹೊಳ್ಳಿ ಕಳಸ್ತೇನಿ," ಎಂದರು.

"ಏನ ಹಾಕಿ ತುಂಬಸ್ತೀರಿ, ಪಂಕ್ತಿ ಊಟಾ ಹಾಕಸ್ತೀರೇನು?"

"ಅದನ್ನ ನೋಡ್ತೇನಿ. ನನಗ ಮೂರ ಹಿಂಗಾರಿ ಕೊಡ್ರಿ."

ಸಾವ್ಕಾರರು ನಕ್ಕು ಒಪ್ಪಿದರು. ಮೂರನೆಯ ಹಿಂಗಾರಿಯ ಕಡಲೆ ಕೀಳುವ ಹೊತ್ತಿಗೆ ತಮ್ಮ ಹೊಲ ಬೋಳಾಗದೆ ಉಳಿದರೆ ತಂತಿಯ ಮಾತಿಲ್ಲ. ಬೋಳಾದರೆ ಯಾರೂ ಏನೂ ಕೇಳಬಾರದು. ಹೀಗೆ ಮಾತಾಯಿತು.

ಕಾಕಾನಿಗೆ ಆ ವಿಚಾರ ಬಂದದ್ದು ಮೊಬೈಲಿನಿಂದ. ಪರದೇಶದವರು ಜಿಂಕೆಗಳಿಗಾಗಿಯೇ ಹೊಲ ಹರಗಿ ಸೊಪ್ಪು ಬಿತ್ತುವ ವಿಡಿಯೋ ಅವರ ಕೈಗೆ ಎಲ್ಲಿಂದಲೋ ಬಂದಿತ್ತು. ಇಂಗ್ಲಿಷು ತಿಳಿಯದೆ ನನ್ನ ಬಳಿ ತಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿದೆವು. ಅವರು ಬಿತ್ತುವುದು ಬಹುಪಾಲು ಸಾಸಿವೆಯ ಬಳಗದ ಬೀಜ, ಸಾಸಿವೆ, ಮೂಲಂಗಿ, ಕೋಬಿ ಅಂದರೆ ಎಲೆಕೋಸು, ಮೂಲಂಗಿಯಂಥದೇ ಗಡ್ಡೆಯ ಶಲಗಮ್ ಎಲ್ಲ ಒಂದೇ ಕುಲದವು, ಹಿಮ ಬಿದ್ದ ಮೇಲೆ ಆ ಎಲೆ ಸಿಹಿಯಾಗುತ್ತದಂತೆ ಎಂದು ಬಿಡಿಸಿ ಹೇಳಿದೆ.

"ನಾವು ಹಿಮಾ ಎಲ್ಲಿಂದ ತರೂಣ್ರಿ ಮಾಸ್ತರ್ರ?" ಎಂದರು. ವಿಡಿಯೋದ ಕೊನೆಗೆ ಆ ಮನುಷ್ಯ ಮರದ ಮೇಲಿನ ಅಟ್ಟಣಿಗೆಯಲ್ಲಿ ಬಂದೂಕು ಹಿಡಿದು ಕುಳಿತಿದ್ದ. ಕಾಕಾ ಪರದೆಯನ್ನು ಮೂಗಿನ ಹತ್ತಿರ ತಂದು ನೋಡಿದರು.

"ಇಂವಾ ಉಣಿಸಿ ಗುಂಡ ಹಾಕ್ತಾನೇನು?"

"ಹೌದು ಕಾಕಾ."

ವಿಡಿಯೋ ನಿಲ್ಲಿಸಿದರು. ಆಮೇಲೆ, "ಇರ್ಲಿ ಬಿಡ್ರಿ. ಬೀಜದ್ದೇನ ತಪ್ಪೈತಿ," ಎಂದು ಮೊಬೈಲನ್ನು ಕಿಸೆಗೆ ಹಾಕಿಕೊಂಡರು.

ಮೊದಲ ಹಿಂಗಾರಿಗೆ ಅವರು ಮಾಡಿದ್ದು ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದ ತಪ್ಪು. ಮನೆಯ ಡಬ್ಬಿಯಲ್ಲಿದ್ದ ಒಗ್ಗರಣೆಯ ಕರೀ ಸಾಸಿವೆಯನ್ನೇ ಗುಡ್ಡದ ಬದಿಯ ಪಟ್ಟಿಯಲ್ಲಿ ಉಗ್ಗಿದರು. ಎಳೆಯದಿರುವಾಗ ಚಿಗರಿ ಬಾಯಿ ಹಾಕಿದವು. ಗಿಡ ಮೊಣಕಾಲಿಗೆ ಬಂದು ಖಾರ ಕೂಡಿದ ಮೇಲೆ ಮೂಸಿ ನೋಡಿ ಬಿಟ್ಟವು. ಪುಷ್ಯದ ಚಳಿಯಲ್ಲಿ ಆ ಪಟ್ಟಿಯೆಲ್ಲ ಹಳದಿ ಹೂವಾಗಿ ನಿಂತಿತು. ನೋಡಲು ಕಣ್ಣು ಸಾಲದು. ಆ ಹಳದಿಯ ನಡುವೆ ದಾರಿ ಮಾಡಿಕೊಂಡು ಹಿಂಡು ಸೀದಾ ಸಾವ್ಕಾರರ ಕಡಲೆಗೆ ಹೋಗುತ್ತಿತ್ತು. "ಕಾಕಾ, ಚಿಗರಿಗೆ ಬರೇ ಒಗ್ಗರಣಿ ಹಾಕೀರಿ, ಪಲ್ಲೆ ಮಾಡೂದ ಮರತೀರಿ," ಎಂದು ಸಾವ್ಕಾರರು ಬದುವಿನಾಚೆಯಿಂದ ಕೂಗಿದರು. ಕಾಕಾ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತ ನಿಂತರು.

ಮುಂದಿನ ವರ್ಷ ಬೀಜಕ್ಕೆ ಬೈಲಹೊಂಗಲಕ್ಕೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಬೀಜದಂಗಡಿಯವನು ಗುಲಾಬಿ ಬಣ್ಣದ ಔಷಧ ಲೇಪಿಸಿದ ಬೀಜದ ಪಾಕೀಟುಗಳನ್ನು ಮುಂದಿಟ್ಟು, ಯಾವುದು ಎಷ್ಟು ಇಳುವರಿ ಎಂದು ಹೇಳತೊಡಗಿದ.

"ಇಳುವರಿ ಬ್ಯಾಡ್ರಿ. ಔಷಧಾ ಹಚ್ಚಿದ್ದೂ ಬ್ಯಾಡ. ತಪ್ಪಲ ಬಾಯಿಗೆ ಹಿಡಸ್ಬೇಕು."

"ಯಾರ ಬಾಯಿಗ್ರಿ?"

"ಚಿಗರಿ ಬಾಯಿಗೆ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. "ಹಂಗಾರ ಅವುನ್ನೂ ಕರಕೊಂಡ ಬರಬೇಕಿತ್ತ ಕಾಕಾ, ಮೂಸಿ ನೋಡಿ ಆರಿಸ್ಕೋತಿದ್ವು," ಎಂದು, ಒಳಗಿನಿಂದ ಬಟ್ಟೆಯ ಚೀಲದಲ್ಲಿದ್ದ ಬಿಡಿ ಮೂಲಂಗಿ ಬೀಜ ತಂದ. ಎಲೆ ನುಣುಪಾದ, ಬೇಗ ಬರುವ ಜಾತಿ. ಕಾಕಾ ಅಂಗೈಯಲ್ಲಿ ಹಾಕಿಕೊಂಡು ಬೆರಳಿನಿಂದ ಸರಿಸಿ ನೋಡಿ ಕಟ್ಟಿಸಿಕೊಂಡರು.

ಆ ಮೂಲಂಗಿ ಚಿಗರಿಗಳಿಗೆ ಹಿಡಿಸಿತು. ಬೆಳಗಿನ ಜಾವ ಬಂದು ಮೇದು ಬದುವಿನವರೆಗೂ ಹೋಗದೆ ತಿರುಗುವುದನ್ನು ನಾನೇ ನೋಡಿದೆ. ಆದರೆ ಅದು ಮನುಷ್ಯರಿಗೂ ಹಿಡಿಸಿತು. ನಮ್ಮ ಕಡೆ ಹೊಲದ ತಪ್ಪಲಕ್ಕೆ, ಅಂದರೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪಿಗೆ, ಯಾರೂ ಯಾರಿಗೂ ಬೇಡ ಅನ್ನುವುದಿಲ್ಲ. ಕಾಳು ಮುಟ್ಟಿದರೆ ಜಗಳವಾದೀತು. ಮೇಲಿನ ತಪ್ಪಲ ದಾರಿಹೋಕರದು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಯಾರ ಹೊಲ ಹತ್ತಿರವೋ ಅಲ್ಲಿ ಹಕ್ಕರಕಿಯೋ ಮೆಂತ್ಯವೋ ಮೂಲಂಗಿಯೋ ಕಿತ್ತುಕೊಂಡು ಕೂಡುವುದು ರೂಢಿ.

ಸಾವ್ಕಾರರ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಹೆಣ್ಣುಮಕ್ಕಳ ಗುಂಪಿಗೆ ಒಬ್ಬ ಹಿರಿಯಳಿದ್ದಳು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೊದಲ ದಿನ ಬದುವಿನ ಮೇಲೆ ಬಂದು ನಿಂತು, "ಅಣ್ಣಾ, ಚಿಗರಿ ಪಾಲಿನ್ಯಾಗ ನಮಗೂ ಒಂದೊಂದ ಟಿಕೀಟ ಹರೀರಿ," ಎಂದಳು.

"ನಿಂತ ಬರೂದಾದ್ರ ಬರ್ರಿ. ಸೀಟ ಖಾಲಿ ಇಲ್ಲ," ಎಂದರು ಕಾಕಾ.

"ನಿಂತ ತಿಂದ್ರ ಹೊಟ್ಟಿ ತುಂಬೂದಿಲ್ಲಣ್ಣಾ, ಮುಂದ ಸರದ ಕುಂದರ್ತೇವಿ," ಎಂದು ಅವಳು ಕುಳಿತೇ ಬಿಟ್ಟಳು. ಅವಳ ಹಿಂದೆ ಉಳಿದವರೂ ಕುಳಿತರು.

ಅಲ್ಲಿಂದ ಮುಂದೆ ದಿನ ಮಧ್ಯಾಹ್ನ ಕಾಕಾನ ಬದು ತುಂಬಿ ಬಿಡುತ್ತಿತ್ತು. ಜೋಳದ ರೊಟ್ಟಿಯ ಮೇಲೆ ಝುಣಕ, ಕೈಯಲ್ಲಿ ಮಣ್ಣು ಜಾಡಿಸಿದ ಮೂಲಂಗಿ. ಕರುಂ ಕರುಂ ಎಂದು ಕಡಿಯುವ ಸದ್ದು ನನ್ನ ಹೊಲದವರೆಗೂ ಕೇಳುತ್ತಿತ್ತು. ಕಾಕಾ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ ತರತೊಡಗಿದರು. ತಾವೇ ಕುಟ್ಟಿದ್ದು. ಉಪ್ಪು ಜಾಸ್ತಿ ಎಂದು ದೊಡ್ಡಕ್ಕ ದಿನವೂ ಬೈಯುವಳು. ದಿನವೂ ಡಬ್ಬಿ ಬಳಿದು ಖಾಲಿ ಮಾಡುವಳು. ಯಾವ ಊರಿನ ಸಂತೆಗೆ ಯಾರು ಕೋಳಿ ಒಯ್ಯುವಾಗ ಅದು ಬಸ್ಸಿನಲ್ಲಿ ಹಾರಿ ಡ್ರೈವರನ ತಲೆಯ ಮೇಲೆ ಕುಳಿತಿತು ಎಂಬಂಥ ಕಥೆಗಳನ್ನು ಕಾಕಾ ಹೇಳುವರು. ಅವರು ಅಷ್ಟು ನಕ್ಕದ್ದನ್ನು ನಾನು ಆ ಒಂದು ಚಳಿಗಾಲದಲ್ಲಿ ಮಾತ್ರ ನೋಡಿದೆ. ಅದಕ್ಕೆ ಮೊದಲಿಲ್ಲ, ಆಮೇಲೂ ಇಲ್ಲ.

ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಮೂಲಂಗಿಯ ಪಟ್ಟಿ ಬರೀ ಮಣ್ಣಾಗಿತ್ತು. ಬೆಳಿಗ್ಗೆ ಚಿಗರಿ ತಿಂದದ್ದು ಮತ್ತೆ ಚಿಗುರುವ ಮೊದಲೇ ಮಧ್ಯಾಹ್ನ ಮಂದಿ ಬುಡಸಹಿತ ಕಿತ್ತಿದ್ದರು. ಹಿಂಡು ಮತ್ತೆ ಬದು ದಾಟಿತು. ಸಾವ್ಕಾರರು ರಾಮದುರ್ಗದಿಂದ ತಂತಿಯ ಸುರುಳಿ ತಂದು ಕೊಟ್ಟಿಗೆಯಲ್ಲಿ ಇಳಿಸಿದರು. "ಮಾತ ಮಾತ. ಇನ್ನೊಂದ ಹಿಂಗಾರಿ ಐತಿ ನಿಮಗ," ಎಂದರು.

ನಾನು ಕಾಕಾನಿಗೆ ಹೇಳಿದೆ: "ಅವರಿಗೆ ಒಂದು ಮಾತು ಹೇಳಿದರೆ ಮುಗೀತಲ್ಲ ಕಾಕಾ, ಕೀಳಬ್ಯಾಡ್ರಿ ಅಂತ."

"ತಪ್ಪಲಕ್ಕ ಬ್ಯಾಡ ಅಂದ ಬಾಯಿಲೆ ನಾ ನಾಳೆ ರೊಟ್ಟಿ ಹೆಂಗ ತಿನ್ಲಿ ಮಾಸ್ತರ್ರ?" ಎಂದರು. ಆಮೇಲೆ ನಿಧಾನವಾಗಿ, "ಚಿಗರಿಗೆ ಹಿಡಸ್ಬೇಕು, ಮಂದಿಗೆ ಹಿಡಸಬಾರ್ದು. ಅಂಥಾ ಬೀಜ ಬೇಕು," ಎಂದರು.

ಆ ಮಳೆಗಾಲವೆಲ್ಲ ಅವರು ಅಂಥ ಬೀಜ ಹುಡುಕಿದರು. ಮನೆಯ ಮುಂದೆ ಹಳೆಯ ಎಣ್ಣೆ ಡಬ್ಬಿಗಳನ್ನು ಸಾಲಾಗಿಟ್ಟು, ಒಂದೊಂದರಲ್ಲಿ ಒಂದೊಂದು ಜಾತಿ ಹಾಕಿದರು. ಬಿಳೀ ಸಾಸಿವೆ, ಕೋಬಿ, ನವಲಕೋಲ, ಕೆಂಪು ಮೂಲಂಗಿ. ಸಂಗೊಳ್ಳಿಯ ಕಡೆಯ ಒಬ್ಬ ಸೈನಿಕ, ಅವರ ಬಸ್ಸಿನ ಹಳೆಯ ಪ್ರಯಾಣಿಕ, ರಜೆಗೆ ಬರುವಾಗ ಪಂಜಾಬಿನಿಂದ ಎರಡು ಬಗೆಯ ಶಲಗಮ್ ಬೀಜ ತಂದುಕೊಟ್ಟಿದ್ದ. ಒಂದು ಅಡುಗೆಗೆ ಹಾಕುವ ಗಡ್ಡೆಯದು. ಇನ್ನೊಂದು ಅಲ್ಲಿ ದನಗಳಿಗೆ ಬಿತ್ತುವುದು. ಗಡ್ಡೆ ಸಣ್ಣದು, ಎಲೆ ಅಗಲ, ಎಲೆಯ ಮೇಲೆ ಚುಚ್ಚುವಂಥ ಒರಟು ಕೂದಲು. ಗಿಡ ಗೇಣುದ್ದವಾದ ಮೇಲೆ ಡಬ್ಬಿಗಳನ್ನು ಗುಡ್ಡದ ಇಳಿಜಾರಿಗೆ ಹೊತ್ತು ಹಾಕಿ, ಬೆಳಿಗ್ಗೆ ಹೋಗಿ ನೋಡುತ್ತಿದ್ದರು. ಗೊರಸಿನ ಗುರುತು ಯಾವ ಡಬ್ಬಿಯ ಸುತ್ತ ಹೆಚ್ಚು, ಯಾವುದನ್ನು ಮೂಸಿ ಬಿಟ್ಟಿವೆ, ಯಾವುದನ್ನು ಎಲ್ಲಿಯವರೆಗೆ ಕತ್ತರಿಸಿವೆ. ಕೋಬಿಯನ್ನೂ ನವಲಕೋಲನ್ನೂ ಅವು ಬಿಡಲಿಲ್ಲ. ಆದರೆ ಅವು ನೀರು ಕೇಳುವ ಬೆಳೆ, ಮಳೆ ನಂಬಿದ ಎರೆ ಹೊಲಕ್ಕಲ್ಲ. ದನದ ಶಲಗಮ್ಮನ್ನು ದಂಟಿನವರೆಗೆ ಮೇದಿದ್ದವು. ಕೆಲವು ದಿನಕ್ಕೆ ಆ ದಂಟಿನಿಂದಲೇ ಮತ್ತೆ ಎಲೆ ಬಂದಿತು. ಮತ್ತೆ ಮೇದವು. ಮತ್ತೆ ಬಂದಿತು.

ಕಾಕಾ ಒಂದು ಎಲೆ ತಂದು ನನ್ನ ಕೆನ್ನೆಗೆ ತಿಕ್ಕಿದರು. ಉರಿಯಿತು. "ಮಂದಿ ಬಾಯಿಗೆ ಇದು ಹೋಗೂದಿಲ್ಲ," ಎಂದರು. ಗೆದ್ದವರ ದನಿ ಅದಾಗಿರಲಿಲ್ಲ.

ಮೂರನೆಯ ಹಿಂಗಾರಿಗೆ ಆ ಪಟ್ಟಿಯಲ್ಲಿ ಶಲಗಮ್ ಎದ್ದಿತು. ಹೆಣ್ಣುಮಕ್ಕಳು ಹಿಂದಿನ ವರ್ಷದಂತೆಯೇ ಬುತ್ತಿ ಹಿಡಿದು ಬಂದರು. ದೊಡ್ಡಕ್ಕ ಎಲೆಯೊಂದನ್ನು ಬೆರಳಲ್ಲಿ ಹಿಡಿದು, "ಇದೇನಣ್ಣಾ, ಮುಳ್ಳ ಮುಳ್ಳ?" ಎಂದಳು.

"ದನದ ಮೇವವಾ," ಎಂದರು ಕಾಕಾ.

ಅಷ್ಟೇ ಸಾಕಾಯಿತು. ದನದ್ದು ಅಂದದ್ದನ್ನು ನಮ್ಮಲ್ಲಿ ಯಾರೂ ರೊಟ್ಟಿಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಅವರು ಆ ದಿನ ಚಟ್ನಿ ಹಚ್ಚಿಕೊಂಡು ಉಂಡು ಎದ್ದರು. ಮರುದಿನ ಇಬ್ಬರು ಬಂದರು. ಅದರ ಮರುದಿನ ಎಲ್ಲರೂ ಸಾವ್ಕಾರರ ಹೊಲದ ಆಚೆ ತುದಿಯ ಬೇವಿನ ನೆರಳಿಗೆ ಹೋದರು. ಅಲ್ಲಿ ಯಾರೋ ಮೆಂತ್ಯ ಹಾಕಿದ್ದರು. ಅವರಿಗೇನೂ ಸಿಟ್ಟಿರಲಿಲ್ಲ. ತಪ್ಪಲ ಇದ್ದಲ್ಲಿ ಬುತ್ತಿ ಬಿಚ್ಚುವುದು ರೂಢಿ, ಹಾಗೆ ಬಿಚ್ಚಿದರು. ನಗೆ ಗಾಳಿಯಲ್ಲಿ ತೇಲಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕಾಕಾ ಮೂಡಲ ಬದುವಿನ ನಡುವಿನ ಚಪ್ಪಟೆ ಕಲ್ಲಿನ ಮೇಲೆ ಒಬ್ಬರೇ ಕುಳಿತು ಅತ್ತ ನೋಡುವರು. ಪಕ್ಕದಲ್ಲಿ ಚಟ್ನಿಯ ಡಬ್ಬಿ.

ಒಂದು ಮಧ್ಯಾಹ್ನ ನಾನು ಹೋಗಿ ಜೊತೆಗೆ ಕುಳಿತೆ. ಅವರು, "ವಸ್ತಿ ಊರಾಗ ಕಡೀ ಮನಶ್ಯಾ ಇಳದ ಮ್ಯಾಲೆ ಡ್ರೈವರ್ ದೀಪಾ ಆರಸ್ತಿದ್ದ. ಆವಾಗ ಬಸ್ ಹಿಂಗ ಆಗ್ತಿತ್ತು ನೋಡ್ರಿ," ಎಂದರು.

"ಅವರನ್ನ ಕರೀರಿ ಕಾಕಾ. ಬರತಾರ."

"ಎದಕ್ಕಂತ ಕರೀಲಿ? ಕೊಡಾಕ ಹೊಲದಾಗ ಏನೈತಿ?"

ನಾನು ಚಟ್ನಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ.

ಚಿಗರಿಗಳು ಮಾತ್ರ ಬಂದವು. ಬೆಳಕು ಹರಿಯುವ ಮೊದಲು ಇಳಿದು, ಶಲಗಮ್ ಮೇದು, ಕೆಲವು ಅಲ್ಲಿಯೇ ಮಲಗಿ ಮೆಲುಕು ಹಾಕಿ, ಬಿಸಿಲೇರುತ್ತಲೇ ಗುಡ್ಡಕ್ಕೆ ತಿರುಗುತ್ತಿದ್ದವು. ಸಾವ್ಕಾರರ ಕಡಲೆ ಹೂ ಬಿಟ್ಟಿತು, ಕಾಯಿ ಕಟ್ಟಿತು. ಬದುವಿನ ಸಾಲಿನಲ್ಲೂ ಕುಡಿ ಹಾಗೇ ಇತ್ತು. ಕಾಕಾ ಜಾವದಲ್ಲೇ ಹೋಗಿ ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿರುತ್ತಿದ್ದರು; ಬೆಳಗಿನ ಬಸ್ಸಿನ ರೂಢಿ. ಅವರು ಅಲುಗಿದರೆ ಚಿಗರಿಗಳು ದೂರ ಸರಿಯುತ್ತಿದ್ದವು. ನಾನು ಎಂದಾದರೂ ಹೋದರೆ ಬಾಯಿಯ ಮೇಲೆ ಬೆರಳಿಟ್ಟು, "ಮೇಯೂವಾಗ ಉಸರ ದೊಡ್ಡದ ಬಿಡಬ್ಯಾಡ್ರಿ," ಎಂದು ಪಿಸುಗುಡುವರು. ಎಷ್ಟು ಪ್ರಯತ್ನಿಸಿದರೂ ಅವು ಕಲ್ಲೆಸೆತದ ದೂರಕ್ಕಿಂತ ಹತ್ತಿರ ಬರಲಿಲ್ಲ.

ಈಗ ಆ ಬೆಳಿಗ್ಗೆ.

ಕಡಲೆ ಗಿಡದ ಮೇಲಿನ ಹುಳಿ ಇಬ್ಬನಿ ನನ್ನ ಮೊಣಕಾಲಿನ ಕೆಳಗೆಲ್ಲ ಹತ್ತಿ ಚುರುಚುರು ಅನ್ನುತ್ತಿತ್ತು. ಬನ್ನಿಗಿಡದ ಬಳಿ ಬಂದು ತಲೆ ಎತ್ತಿ ನೋಡಿದೆ. ಕಾಕಾ ಕಲ್ಲಿನ ಮೇಲೆ ಕುಳಿತಿದ್ದರು. ಕಂಬಳಿ ತಲೆಯ ಮೇಲಿಂದ ಹೊದ್ದಿದ್ದರು, ಗದ್ದ ಎದೆಗೆ ತಾಗಿತ್ತು. ಅವರ ಸುತ್ತ ಚಿಗರಿಗಳಿದ್ದವು. ದೂರದಲ್ಲಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಎರಡು ಹೆಣ್ಣು ಮೇಯುತ್ತಿದ್ದವು. ಕರೀ ಗಂಡು ಸ್ವಲ್ಪ ಆಚೆ ಕೊರಳೆತ್ತಿ ನಿಂತಿತ್ತು. ಒಂದು ಮರಿ ಅವರ ಕಾಲಬುಡದ ಎಲೆ ತಿನ್ನುತ್ತಿತ್ತು. ಒಂದೂ ಬದು ದಾಟಿರಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ, ಉಸಿರು ಹಿಡಿದು ನಿಂತೆ. ಮೂರು ವರ್ಷಕ್ಕೆ ಕಾಕಾ ಗೆದ್ದರು ಎಂದುಕೊಂಡೆ. ಕೂಗಲಿಲ್ಲ, ಅಲುಗಲಿಲ್ಲ. ಮೂಡಲ ಬದಿಯ ಗಾಡಿದಾರಿಯಲ್ಲಿ ಸಾವ್ಕಾರರು ಮೋಟಾರ್‌ಸೈಕಲ್ಲು ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ ಅದನ್ನೇ ನೋಡುತ್ತಿದ್ದರು. ಅವರು ಯಾವಾಗ ಬಂದರೋ ನನಗೆ ತಿಳಿಯದು.

ಹಿಂದಿನಿಂದ ಹೆಜ್ಜೆ ಸಪ್ಪಳವಿಲ್ಲದೆ ದೊಡ್ಡಕ್ಕ ಬಂದು ನನ್ನ ಪಕ್ಕ ನಿಂತಳು. ಕೈಯಲ್ಲಿ ಮೂಲಂಗಿಯ ಸೂಡು, ಎಲೆ ಸಮೇತ. ಇನ್ನೂ ಹಸಿ ಮಣ್ಣು ಮೆತ್ತಿತ್ತು. "ಅಣ್ಣಗ ತಂದೇನ್ರಿ," ಎಂದಳು ಪಿಸುದನಿಯಲ್ಲಿ. "ಹ್ವಾದ ವರ್ಷ ಇಲ್ಲಿಂದ ನಾಕ ಗಿಡಾ ಒಯ್ದ ಬೀಜಕ್ಕ ಬಿಟ್ಟಿದ್ನಿ. ಹಿತ್ತಲದಾಗ ಹಾಕಿದ್ನಿ. ಅಣ್ಣಾ ಒಬ್ಬಾಂವ ಕುಂದರ್ತಾನ, ಇವತ್ತ ಎಲ್ಲಾರೂ ಇಲ್ಲೇ ಬುತ್ತಿ ಬಿಚ್ಚೂಣು ಅಂತ ಮಾತಾಡೇವಿ."

ನಾನು ಬಾಯಿಯ ಮೇಲೆ ಬೆರಳಿಟ್ಟು ಅತ್ತ ತೋರಿಸಿದೆ. ಅವಳೂ ನೋಡಿದಳು. ಅವಳ ಮುಖದಲ್ಲಿ ನಗೆ ಬಂತು. ನಾವಿಬ್ಬರೂ ಹಾಗೆಯೇ ನಿಂತೆವು. ಮರಿ ಕೊರಳು ಚಾಚಿ ಕಂಬಳಿಯ ಅಂಚನ್ನು ಮೂಸಿತು. ಆಮೇಲೆ ಕಂಬಳಿಯ ಹೊರಗಿದ್ದ ಕಾಕಾನ ಕೈಯನ್ನು ನೆಕ್ಕಿತು. ಕೈ ಅಲುಗಲಿಲ್ಲ.

ಆಗ ಆ ವಾಸನೆ ಬಂತು. ದೊಡ್ಡಕ್ಕನ ಮುಷ್ಟಿ ಬಿಗಿದು, ಮೂಲಂಗಿಯ ಎಲೆಗಳು ಅದರೊಳಗೆ ಜಜ್ಜಿಹೋಗಿದ್ದವು. ಅವಳ ಮುಖದ ನಗೆ ಹೋಗಿತ್ತು.

"ಮಾಸ್ತರ್ರ," ಎಂದಳು. "ಉಸರಾಡೂ ಮನಶ್ಯಾನ ಹತ್ತರ ಚಿಗರಿ ಇಷ್ಟ ಬರೂದಿಲ್ರಿ."

ನಾನು ಬದು ಇಳಿದೆ. ಚಿಗರಿಗಳು ಒಮ್ಮೆಲೇ ತಲೆ ಎತ್ತಿದವು. ಮರಿ ಮೊದಲು ಜಿಗಿಯಿತು, ಆಮೇಲೆ ಎಲ್ಲವೂ. ಗುಡ್ಡದ ಕಡೆಗೇ ಹೋದವು. ಸಾವ್ಕಾರರ ಹೊಲದ ಕಡೆಗೆ ಒಂದೂ ತಿರುಗಲಿಲ್ಲ. ನಾನು ಹತ್ತಿರ ಹೋಗಿ ಕಾಕಾನ ಕೈ ಹಿಡಿದೆ. ಚಿಗರಿಯ ನಾಲಿಗೆ ತಾಗಿದ ಕಡೆ ಮಾತ್ರ ಒದ್ದೆಯಿತ್ತು. ಉಳಿದದ್ದು ಕಲ್ಲಿನಷ್ಟೇ ತಣ್ಣಗೆ. ಆಮೇಲೆ ಬಂದ ಡಾಕ್ಟರು, ಹೃದಯ ನಿಂತಿದೆ, ಬೆಳಕು ಹರಿಯುವ ಎಷ್ಟೋ ಮೊದಲೇ ಆಗಿದೆ, ನೀವು ಬೇಗ ಹೋಗಿದ್ದರೂ ಉಪಯೋಗವಿರಲಿಲ್ಲ ಎಂದರು. ಇರಬಹುದು. ಅವರು ತೀರಿಹೋದ ಮೇಲೆ ನಾನು ಅಲ್ಲಿ ನಿಂತು ಅವರಿಗಾಗಿ ಸಂತೋಷಪಟ್ಟೆನಲ್ಲ, ಅದೊಂದು ಇಂದಿಗೂ ನನ್ನ ಎದೆಯಿಂದ ಹೋಗಿಲ್ಲ.

ಕಲ್ಲಿನ ಪಕ್ಕದಲ್ಲಿ ಚಟ್ನಿಯ ಡಬ್ಬಿ ಇತ್ತು. ದೊಡ್ಡಕ್ಕ ಮುಚ್ಚಳ ತೆಗೆದು ನೋಡಿದಳು. ಹೊಸದಾಗಿ ಕುಟ್ಟಿದ್ದು, ತುಂಬಿತ್ತು. ಯಾರೂ ಬರದಿದ್ದರೂ ದಿನವೂ ತರುತ್ತಿದ್ದರು. ಅವಳು ಮುಚ್ಚಳ ಹಾಕಿ, ಜಜ್ಜಿದ ಮೂಲಂಗಿಯನ್ನು ಅದರ ಮೇಲಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಕಲ್ಲಿನ ಕೆಳಗೆ ಕುಳಿತಳು. ಸಾವ್ಕಾರರು ಮೋಟಾರ್‌ಸೈಕಲ್ಲು ಅಲ್ಲಿಯೇ ಬಿಟ್ಟು ತಮ್ಮ ಕಡಲೆಯ ನಡುವೆಯೇ ಓಡಿ ಬಂದರು. ಕಾಯಿ ತುಂಬಿದ ಗಿಡಗಳು ಅವರ ಕಾಲಿಗೆ ಸಿಕ್ಕು ಮುರಿಯುತ್ತಿದ್ದವು. ಅವರು ನೋಡಲಿಲ್ಲ.

ಅಂದು ಸಂಜೆ ಮಣ್ಣು ಕೊಟ್ಟೆವು. ತಂತಿಯ ಮಾತನ್ನು ಯಾರೂ ಎತ್ತಲಿಲ್ಲ. ಆ ವರ್ಷ ಸಾವ್ಕಾರರು ಪೂರ್ತಿ ಬೆಳೆ ತೆಗೆದರು.

ಮುಂದಿನ ಹಿಂಗಾರಿಗೆ ಶಲಗಮ್ ಬಿತ್ತುವವರಿರಲಿಲ್ಲ. ನಮ್ಮ ಬಿಸಿಲಿಗೆ ಅದು ಬೀಜ ಕಟ್ಟುವುದಿಲ್ಲ, ಪಂಜಾಬಿನಿಂದಲೇ ತರಿಸಬೇಕು. ಕಾಕಾನ ಹೊಲವನ್ನು ಅವರ ತಮ್ಮನ ಮಗ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ. ಅಲ್ಲಿ ಈಗ ಗೋವಿನಜೋಳ ಇದೆ. ಚಿಗರಿಗಳು ಮೊದಲಿನಂತೆ ಕಡಲೆಗೆ ಇಳಿಯುತ್ತವೆ, ಮೊದಲಿನಷ್ಟು ಇಲ್ಲ. ಸಾವ್ಕಾರರು ಬೆಳಿಗ್ಗೆ ಹೋಗಿ ಕೂಗಿ ಓಡಿಸುತ್ತಾರೆ. ಬದುವಿನ ಕಡೆಯ ಸಾಲುಗಳು ಹೋದರೆ, "ಅದು ಕಾಕಾನ ಪಾಲು," ಎಂದು ಬಿಡುತ್ತಾರೆ. ತಂತಿಯ ಸುರುಳಿ ಇನ್ನೂ ಅವರ ಕೊಟ್ಟಿಗೆಯಲ್ಲಿದೆ. ಅದರ ನಡುವೆ ಕೋಳಿ ತತ್ತಿ ಇಡುತ್ತದೆ.

ಬೈಲಹೊಂಗಲದ ಪೇಟೆಯಲ್ಲಿ ನಾನು ಒಂದು ಸೂಡು ಮೂಲಂಗಿ ತೆಗೆದುಕೊಂಡೆ. ಮಾರುವವಳು ಎಲೆ ಹರಿಯಲು ಕೈ ಹಾಕಿದಳು. ಬೇಡ, ಹಾಗೇ ಇರಲಿ ಎಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಕಂಡಕ್ಟರ್ ಹೊಸ ಹುಡುಗ. ಸುಮ್ಮನೆ ಮೆಷಿನ್ನಿನಲ್ಲಿ ಟಿಕೆಟು ಒತ್ತಿ ಕೊಟ್ಟ. ಹೊಲಕ್ಕೆ ಹೋದೆ. ಕಲ್ಲು ಅಲ್ಲಿಯೇ ಇದೆ. ಅದರ ಮೇಲೆ ಕುಳಿತು ಒಂದು ಎಲೆ ತಿಂದೆ. ಮತ್ತೊಂದು ತಿನ್ನಲಾಗಲಿಲ್ಲ...

ಆ ಬೆಳಿಗ್ಗೆ ಅದನ್ನು ಕಂಡವರು ನಾವು ಮೂವರು, ಮೂವರೂ ಇದ್ದೇವೆ. ನಾನು ಇದನ್ನು ಬರೆದವನು. ಸಾವ್ಕಾರರಿದ್ದಾರೆ, ಕಣ್ಣಿಗೆ ಪೊರೆ ಬಂದಿದೆ, ಆದರೂ ಕೇಳಿದರೆ ಮರಿ ಯಾವ ಕೈಯನ್ನು ನೆಕ್ಕಿತು ಎಂಬುದನ್ನು ಸರಿಯಾಗಿ ಹೇಳುತ್ತಾರೆ. ದೊಡ್ಡಕ್ಕ ಕಿತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೂಲಂಗಿ ತಿನ್ನುವುದನ್ನು ಬಿಟ್ಟಿದ್ದಾಳೆಂದು ಕೇಳಿದ್ದೇನೆ. ನಮಗಿಂತ ಹತ್ತಿರದಿಂದ ಕಂಡವು ಚಿಗರಿಗಳು. ಅವುಗಳಲ್ಲಿ ಯಾವುವು ಉಳಿದಿವೆಯೋ ನಾನು ಹೇಳಲಾರೆ.